ಕೈ ಅಗಲಿಸಿ ನಿಂತವರು

ಅವರು ಮೈ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಮೊದಲು ಇದನ್ನು ಹೇಳಿಬಿಡಬೇಕು. ಇದು ಗೊತ್ತಿಲ್ಲದಿದ್ದರೆ ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ನಾನು ಯಾಕೆ ಹಾಗೆ ನಡುಗಿದೆ ಎನ್ನುವುದು ತಿಳಿಯುವುದಿಲ್ಲ.

ಅವರು ಎಂದರೆ ನನ್ನ ಗಂಡ. ಸಿದ್ದಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ನಿವೃತ್ತಿಯ ಬೆನ್ನಿಗೇ ಮರೆವಿನ ಕಾಯಿಲೆ ಹತ್ತಿದವರು. ಮರೆವನ್ನು ನಾನು ಹೇಗೋ ಸಂಭಾಳಿಸಿದ್ದೆ. ಹೆಸರು ಮರೆತರೆ ಹೇಳಿಕೊಟ್ಟರಾಯಿತು, ದಾರಿ ತಪ್ಪಿದರೆ ಹಿಂದೆ ಹೋದರಾಯಿತು. ಆದರೆ ಕಳೆದ ಮಳೆಗಾಲದಿಂದ ಯಾರ ಕೈ ತಾಗಿದರೂ ಬೆಚ್ಚುತ್ತಿದ್ದರು, ತಳ್ಳುತ್ತಿದ್ದರು, ಕೆಲವೊಮ್ಮೆ ಹೊಡೆಯುತ್ತಿದ್ದರು. ಕ್ಷೌರದವನು ಮನೆಗೆ ಬರುವುದನ್ನು ಬಿಟ್ಟ. ಶಿರಸಿಯ ಡಾಕ್ಟರು ಮೇಜಿನ ಆಚೆಯಿಂದಲೇ ನೋಡಿ ಗುಳಿಗೆ ಬರೆದರು. ಸ್ನಾನ ಮಾಡಿಸುವುದು, ಅಂಗಿ ಬದಲಿಸುವುದು ನನ್ನೊಬ್ಬಳ ಪಾಲಿಗೆ ಬಂತು. ನನ್ನ ಮುಂಗೈಯ ಕಲೆಗಳನ್ನು ನೋಡಿದ ನೆರೆಮನೆಯವರು ಏನೂ ಕೇಳದೆ ಬೇರೆ ಕಡೆ ನೋಡುತ್ತಿದ್ದರು.

ಪುಣೆಯಲ್ಲಿರುವ ನನ್ನ ತಂಗಿ ಅಲ್ಲೊಂದು ಆಶ್ರಯಧಾಮ ಹುಡುಕಿದಳು. ಮರೆವಿನ ಕಾಯಿಲೆಯವರನ್ನೇ ನೋಡಿಕೊಳ್ಳುವ ಜಾಗ. ಅದನ್ನು ನಡೆಸುವ ಹೆಂಗಸು ಫೋನಿನಲ್ಲಿ ಒಂದೇ ಷರತ್ತು ಹೇಳಿದರು. ಅಲ್ಲಿಯ ಸಹಾಯಕರಿಗೆ ಇವರು ಮೈ ಮುಟ್ಟಲು ಬಿಡಬೇಕು. ಬಿಡದಿದ್ದರೆ ಅವತ್ತೇ ವಾಪಸ್ ಕರೆದುಕೊಂಡು ಹೋಗಬೇಕಾಗುತ್ತದೆ.

"ಅಕ್ಕಾ, ಒಂದ್ಸಲ ಕರ್ಕಂಡು ಬಾ ನೋಡನ. ಅಲ್ಲಿ ಇದ್ರೆ ಇದ್ರು, ಇಲ್ದಿದ್ರೆ ವಾಪಸ್ ಕರ್ಕಂಡು ಹೋಗು. ನಿಂಗೂ ಒಂದು ಜೀವ ಇದ್ದಲೇ" ಅಂದಳು ತಂಗಿ.

ಬಸ್ಸಿನಲ್ಲಿ ಹೋಗುವಂತಿರಲಿಲ್ಲ. ಹಿಂದೊಮ್ಮೆ ಉಮ್ಮಚಗಿಯ ನನ್ನ ತವರಿಗೆ ಹೊರಟಾಗ ಅವರು ನಿದ್ದೆಯಲ್ಲಿದ್ದರೆಂದು ನಾನು ಊರಲ್ಲಿ ಇಳಿಸದೆ ಯಲ್ಲಾಪುರದವರೆಗೂ ಹೋಗಿದ್ದೆ. ಅಲ್ಲಿ ಬಸ್ಸು ನಿಂತದ್ದೇ ತಡ, ಅವರು ಇಳಿದು ಜನರ ನಡುವೆ ಕಾಣೆಯಾದರು. ಸಿಕ್ಕಿದಾಗ ಒಂದು ಹಣ್ಣಿನ ಅಂಗಡಿಯ ಮುಂದೆ ನಿಂತು, ಮಕ್ಕಳಿಗೆ ಬೈಯುವ ದನಿಯಲ್ಲಿ ಅಂಗಡಿಯವನಿಗೆ ಭಿನ್ನರಾಶಿ ವಿವರಿಸುತ್ತಿದ್ದರು. ಅಂಗಡಿಯವನು ತಲೆಯಾಡಿಸುತ್ತ ಕೇಳುತ್ತಿದ್ದ. ಆವತ್ತು ನಾನು ನಕ್ಕಿದ್ದೆ. ನಕ್ಕಿದ್ದೆ ಎಂದುಕೊಂಡಿದ್ದೇನೆ. ಈಗ ಆ ಜಾಗಕ್ಕೆ ಒಂದು ನಗು ಬೇಕೆಂದು ನಾನೇ ಸೇರಿಸಿಕೊಂಡೆನೋ ಏನೋ.

ಹಾಗಾಗಿ ವಿಮಾನ. ಶಿರಸಿಯಿಂದ ಬಾಡಿಗೆ ಕಾರು ಮಾಡಿದೆ. ಚಾಲಕ ಮಾತಿನ ಮನುಷ್ಯ.

"ಅಮ್ಮಾ, ಅಲ್ಲಿ ಚೆಕಿಂಗ್ ಭಾರೀ ಜೋರು. ನಮ್ಮ ಮಾವಂಗೆ ಪೈಜಾಮದ ಲಾಡಿನೂ ಎಳ್ದು ನೋಡಿದ್ರಂತೆ."

"ಎಂತಕ್ಕೆ?"

"ಲಾಡಿ ಒಳಗೆ ಎಂತ ಇರ್ತು ಹೇಳಿ ಅವ್ರಿಗೆ ಗೊತ್ತು, ನಮ್ಮ ಮಾವಂಗೆ ಗೊತ್ತಿಲ್ಲೆ" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಟಿಕೆಟ್ಟು, ಔಷಧ, ಬದಲಿ ಬಟ್ಟೆ ಎಲ್ಲವನ್ನೂ ಯೋಚಿಸಿದ್ದೆ. ಅಪರಿಚಿತನೊಬ್ಬ ಅವರ ಮೈಮೇಲೆ ಕೈಯಾಡಿಸುತ್ತಾನೆ, ಅದೂ ನಾನು ಪಕ್ಕದಲ್ಲಿಲ್ಲದಾಗ, ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಅವರು ಆ ಕೈ ತಳ್ಳಿದರೆ? ಸಮವಸ್ತ್ರದವನ ಮುಖಕ್ಕೆ ಹೊಡೆದರೆ?

ನಡೆಯುವಾಗ ನಾವೊಂದು ಉಪಾಯ ಮಾಡಿಕೊಂಡಿದ್ದೆವು. ಕೈ ಹಿಡಿಯುವಂತಿರಲಿಲ್ಲವಲ್ಲ, ಒಂದು ಉದ್ದನೆಯ ಟುವ್ವಾಲಿನ ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ನಾನು ಮುಂದೆ, ಅವರು ಹಿಂದೆ. ಅಂಗಳದಲ್ಲಿ, ಆಸ್ಪತ್ರೆಯಲ್ಲಿ, ಪೇಟೆಯಲ್ಲಿ ಹೀಗೇ ಓಡಾಡುತ್ತಿದ್ದೆವು. ವಿಮಾನ ನಿಲ್ದಾಣದ ನುಣುಪು ನೆಲದ ಮೇಲೂ ಹೀಗೇ ನಡೆದು ತಪಾಸಣೆಯ ಸಾಲಿಗೆ ಬಂದೆವು. ಗಂಡಸರ ಸಾಲು ಬೇರೆ, ಹೆಂಗಸರದ್ದು ಬೇರೆ. ಟ್ರೇ ಕೊಡುವವನು ನಮ್ಮ ನಡುವಿನ ಟುವ್ವಾಲನ್ನು ನೋಡಿದ.

"ಪಾಕೀಟು, ಮೊಬೈಲ್, ಬೆಲ್ಟ್ ಎಲ್ಲಾ ಟ್ರೇದಾಗ ಹಾಕ್ರಿ. ಟಾವೆಲ್ಲೂ ಹಾಕ್ರಿ."

"ಇದೊಂದು ಇರ್ಲಿ. ಅವರಿಗೆ ಹುಷಾರಿಲ್ಲ" ಅಂದೆ.

"ಹುಷಾರಿಲ್ಲಂದ್ರ ವ್ಹೀಲ್‌ಚೇರ್ ತಗೋಬೇಕಿತ್ರಿ."

"ನಡೀತಾರೆ."

"ನಡೀತಾರಂದ್ರ ನಡೀಲ್ರಿ ಮತ್ತ" ಅಂದು ಟ್ರೇಯನ್ನು ನನ್ನ ಕಡೆ ದೂಡಿದ.

ಅವನದು ಸಿಟ್ಟಿನ ದನಿಯಲ್ಲ. ದಿನವಿಡೀ ಅದೇ ಮಾತು ಹೇಳಿ ಹೇಳಿ ಸವೆದ ದನಿ. ಟುವ್ವಾಲು ಟ್ರೇಯಲ್ಲಿ ಮುದುಡಿ ಕೂತು ಯಂತ್ರದೊಳಗೆ ಹೋಯಿತು. ಅವರ ಕೈ ಹಾಗೇ ಗಾಳಿಯಲ್ಲಿ ಮುಷ್ಟಿ ಹಿಡಿದುಕೊಂಡಿತ್ತು. "ಹೀಂಗೇ ಸೀದಾ ಹೋಗಿ, ಆನು ಆಚಿಗೆ ಇರ್ತೆ" ಎಂದು ಹೇಳಿ ನಾನು ಹೆಂಗಸರ ಸಾಲಿಗೆ ಹೋದೆ.

ನನ್ನ ಬಳೆಗಳಿಗೆ ಯಂತ್ರ ಕೂಗಿತು. ಸಮವಸ್ತ್ರದ ಹೆಂಗಸೊಬ್ಬಳು ಪರದೆಯ ಗೂಡಿನೊಳಗೆ ಕರೆದಳು. ಒಳಗೆ ಹೋಗಿ ಸಣ್ಣ ಮಣೆಯ ಮೇಲೆ ನಿಂತೆ, ಪರದೆ ಮುಚ್ಚಿತು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಪರದೆಯ ಒಳಗಿದ್ದವಳಿಗೆ ಹೊರಗಿನದು ಕಾಣುವುದಿಲ್ಲ. ಆದರೂ ಅವರು ಚೌಕಟ್ಟಿನ ಯಂತ್ರವನ್ನು ದಾಟುವುದು, ಹುಡುಗನೊಬ್ಬ ಮಣೆ ತೋರಿಸುವುದು, ಅವರು ಅದರ ಮೇಲೆ ಹತ್ತುವಾಗ ಧೋತರದ ಅಂಚು ಎತ್ತಿ ಹಿಡಿಯುವುದು, ಎಲ್ಲ ನನ್ನ ಕಣ್ಣಿನಲ್ಲಿದೆ. ಅವತ್ತು ಅವರು ಧೋತರವನ್ನೇ ಉಟ್ಟಿರಲಿಲ್ಲ. ಪ್ಯಾಂಟು ಹಾಕಿದ್ದರು. ಅದನ್ನು ಹಾಕಿಸಲು ಬೆಳಿಗ್ಗೆ ನಾನು ಪಟ್ಟ ಪಾಡು ನನ್ನ ಭುಜಕ್ಕೆ ಇನ್ನೂ ಗೊತ್ತಿತ್ತು. ಹಾಗಾದರೆ ಆ ಧೋತರ ಎಲ್ಲಿಂದ ಬಂತು?

ಕೇಳಿಸಿದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲು ಯಂತ್ರದ ಕೂಗು. ಆಮೇಲೆ ಒಂದು ಎಳೆಯ ಗಂಡುದನಿ: "ಬರ್ರಿ ಅಜ್ಜಾರ, ಮ್ಯಾಲ್ ನಿಂದರ್ರಿ. ಎದಿ ಮ್ಯಾಲ ಏನೈತ್ರಿ, ಕೂಗಾಕತ್ತೈತಿ?"

ಆಗ ನೆನಪಾಯಿತು. ಜನಿವಾರಕ್ಕೆ ಕಟ್ಟಿದ ಬೀಗದ ಕೈ. ನಮ್ಮ ಕಡೆಯ ಗಂಡಸರು ಜನಿವಾರಕ್ಕೆ ಬೀಗದ ಕೈ ಕಟ್ಟಿಕೊಳ್ಳುವುದು ಹೊಸತೇನಲ್ಲ. ಇವರದು ಹಳೆಯ ಕಪಾಟೊಂದರದು, ಆ ಕಪಾಟನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿತ್ತು. ಬೆಲ್ಟು, ಚಿಲ್ಲರೆ, ವಾಚು ಎಲ್ಲ ತೆಗೆಸಿದವಳಿಗೆ ಅದು ಮೈಯ ಭಾಗವೇ ಎಂಬಷ್ಟು ರೂಢಿಯಾಗಿ ಕಣ್ಣಿಗೇ ಬಿದ್ದಿರಲಿಲ್ಲ.

ನನ್ನ ಬೆನ್ನ ಮೇಲೆ ಕೈಯಾಡಿಸುತ್ತಿದ್ದ ಹೆಂಗಸು ಕೇಳಿದಳು, "ಯಾಕ್ರಿ ಅಮ್ಮಾರ, ಹಿಂಗ್ ನಡುಗಾಕತ್ತೀರಿ?"

"ನಮ್ಮವರು ಆಚೆ ಇದಾರೆ. ಅವರಿಗೆ ಮರೆವಿನ ಕಾಯಿಲೆ. ಯಾರಿಗೂ ಮುಟ್ಟೋಕೆ ಬಿಡೋದಿಲ್ಲ. ಹೊಡೀತಾರೆ."

ಅವಳ ಅಂಗೈ ನನ್ನ ಬೆನ್ನ ಮೇಲೆ ಹಾಗೇ ನಿಂತಿತು. ಅದು ತಪಾಸಣೆಯ ಕೈ ಎಂದು ಗೊತ್ತಿದ್ದೂ ನನಗೆ ಅಳು ಬಂತು. ಎಷ್ಟೋ ಕಾಲದಿಂದ ಯಾವ ಕೈಯೂ ನನ್ನ ಮೈಮೇಲೆ ಅಷ್ಟು ಹೊತ್ತು ಸುಮ್ಮನೆ ನಿಂತಿರಲಿಲ್ಲ. ಅವಳು ಪರದೆ ಸರಿಸಿ ತಲೆ ಹೊರಗೆ ಹಾಕಿ ಕೂಗಿದಳು: "ಏ ತಮ್ಮಾ! ಆ ಅಜ್ಜಾರ್ನ ಸಾವಕಾಶ ನೋಡೋ! ಆರಾಮಿಲ್ಲಂತ ಅವ್ರಿಗೆ!"

ಸಾಲಿನಲ್ಲಿದ್ದ ಯಾರೋ "ಅಯ್ಯೋ, ಫ್ಲೈಟ್ ತಪ್ಪತ್ತೆ ರೀ" ಅಂದರು. ಇನ್ನೊಬ್ಬರು, "ಏನ್ರೀ ಇದು, ಇಲ್ಲೇ ಡ್ಯಾನ್ಸ್ ಪ್ರೋಗ್ರಾಮ್ ಇಟ್ಟಿದೀರಾ?" ನಗು. ನಾನು ಪರದೆಯನ್ನು ಕಿತ್ತುಕೊಂಡೇ ಹೊರಗೆ ಬಂದೆ.

ಅವರು ಮಣೆಯ ಮೇಲೆ ನಿಂತಿದ್ದರು. ಎರಡೂ ಕೈಗಳು ಭುಜದ ಮಟ್ಟಕ್ಕೆ ಅಗಲವಾಗಿ ಚಾಚಿದ್ದವು, ಎದೆ ಸ್ವಲ್ಪ ಮುಂದೆ, ಗಲ್ಲ ಮೇಲೆ. ತಪಾಸಣೆಯ ಹುಡುಗ ಅವರ ಪಕ್ಕೆಗಳ ಮೇಲೆ, ಸೊಂಟದ ಸುತ್ತ, ತೊಡೆಯ ಕೆಳಗೆ ಅಂಗೈ ಒತ್ತುತ್ತ ಹೋಗುತ್ತಿದ್ದ. ಅವರು ತಳ್ಳಲಿಲ್ಲ. ಬೆಚ್ಚಲಿಲ್ಲ. ಬೀಗದ ಕೈ ಅಂಗಿಯ ಹೊರಗೆ ನೇತಾಡುತ್ತಿತ್ತು. ಅದನ್ನು ಹುಡುಗ ಎಳೆದು ನೋಡಿದನೋ, ಅವರೇ ತೆಗೆದು ತೋರಿಸಿದರೋ, ಗೊತ್ತಿಲ್ಲ.

ಆ ನಿಲುವನ್ನು ನಾನು ನೋಡಿದ್ದೆ. ಮದುವೆಯಾದ ಹೊಸತರಲ್ಲಿ, ತ್ಯಾಗಲಿಯ ಕಡೆ ಎಲ್ಲೋ ಒಂದು ಆಟದ ದಿನ. ಶಾಲೆಯ ಕೆಲಸದ ಜೊತೆಗೆ ಅವರು ಯಕ್ಷಗಾನದಲ್ಲಿ ರಾಜವೇಷ ಮಾಡುತ್ತಿದ್ದರು. ಹವ್ಯಾಸಿ ಮೇಳ, ಊರಿನವರೇ ಕಲಾವಿದರು. ವೇಷ ಕಟ್ಟುವ ಜಾಗಕ್ಕೆ ಚೌಕಿ ಎನ್ನುತ್ತಾರೆ. ಅಲ್ಲಿಗೆ ಹೆಂಗಸರು ಹೋಗುವ ರೂಢಿಯಿಲ್ಲ. ನಾನು ತೆಂಗಿನ ಗರಿಯ ಸಂದಿಯಿಂದ ಇಣುಕಿದ್ದೆ. ಅವರು ಹೀಗೇ ಕೈ ಅಗಲಿಸಿ ನಿಂತಿದ್ದರು, ಇಬ್ಬರು ಮೂವರು ಸುತ್ತ ನಿಂತು ಪಟ್ಟಿ ಬಿಗಿಯುತ್ತಿದ್ದರು, ದಾರ ಎಳೆಯುತ್ತಿದ್ದರು. ವೇಷ ಕಟ್ಟಿಸಿಕೊಳ್ಳುವವನು ಆ ಹೊತ್ತಿನಲ್ಲಿ ತನ್ನ ಮೈಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿರುತ್ತಾನೆ.

ಹುಡುಗ ತಪಾಸಣೆ ಮುಗಿಸಿ, "ಆತ್ರಿ ಅಜ್ಜಾರ, ಇಳೀರಿ" ಎಂದು ಟ್ರೇಯಿಂದ ಟುವ್ವಾಲು ಎತ್ತಿಕೊಟ್ಟ. ಅವರು ಒಂದು ತುದಿ ಹಿಡಿದು ಸೊಂಟಕ್ಕೆ ಒತ್ತಿಕೊಂಡರು. ಇನ್ನೊಂದು ತುದಿ ಇನ್ನೂ ಹುಡುಗನ ಕೈಯಲ್ಲಿತ್ತು.

"ಹಿಡ್ಕ ತಮಾ. ಬಿಗಿ ಹಿಡ್ಕ, ಸಡ್ಲ ಬಿಡಡ" ಅಂದರು.

ಆಮೇಲೆ ಮಣೆಯಿಂದ ಇಳಿದು ತಿರುಗುತ್ತ ತಿರುಗುತ್ತ ಅವನ ಕಡೆಗೆ ಬರತೊಡಗಿದರು. ಚೌಕಿಯಲ್ಲಿ ಹಾಗೇ. ಸೊಂಟಕ್ಕೆ ಉದ್ದನೆಯ ಬಟ್ಟೆ ಸುತ್ತುವಾಗ ಹಿಡಿದವನು ಅಲ್ಲಾಡದೆ ನಿಲ್ಲುತ್ತಾನೆ, ವೇಷಧಾರಿ ತಾನೇ ತಿರುಗುತ್ತ ಬಟ್ಟೆಯನ್ನು ಸುತ್ತಿಕೊಂಡು ಅವನ ಹತ್ತಿರ ಬರುತ್ತಾನೆ. ಆ ಬಟ್ಟೆಯ ಮುಂದೆ ಟುವ್ವಾಲು ಗಿಡ್ಡ. ಒಂದು ಸುತ್ತು, ಇನ್ನರ್ಧ, ಅಷ್ಟಕ್ಕೆ ಅವರು ಹುಡುಗನ ಎದೆಗೆ ಎದೆ ತಾಗುವಷ್ಟು ಹತ್ತಿರ ಬಂದು ನಿಂತಿದ್ದರು.

ಹುಡುಗ ತುದಿ ಬಿಡಲಿಲ್ಲ. ಇದು ಸತ್ಯ, ನಾನು ಕಂಡದ್ದು. ಅವನ ಮುಖದಲ್ಲಿ ಏನಿತ್ತು ಎಂದು ಮಾತ್ರ ಹೇಳಲಾರೆ. ತಂಗಿಗೆ ಹೇಳುವಾಗ, ಅವನಿಗೆ ಆಟ ಗೊತ್ತಿತ್ತು, ಗುರುತು ಹಿಡಿದ ಅಂದಿದ್ದೆ. ನೆರೆಮನೆಯವರಿಗೆ, ಅವನು ಗಾಬರಿಯಾಗಿ ನಿಂತುಬಿಟ್ಟಿದ್ದ ಅಂದಿದ್ದೆ. ಎರಡೂ ನಾನು ಕಟ್ಟಿದ್ದು. ಬಹುಶಃ ಅವನಿಗೆ ಏನು ಮಾಡಬೇಕೋ ತೋಚಲಿಲ್ಲ, ಅಷ್ಟೇ. ಆದರೆ ಹಿಂದಿನಿಂದ ಮತ್ತೆ ಯಾರೋ ಗೊಣಗಿದಾಗ ಅವನು ತಲೆ ತಿರುಗಿಸದೆ, "ತಡೀರಿ ಸರ್, ನಿಮ್ಮ ಪಾಳಿನೂ ಬರ್ತೈತಿ" ಅಂದ. ಟುವ್ವಾಲಿನ ತುದಿಯನ್ನು ಅವರ ಸೊಂಟದಲ್ಲಿ ಸಿಕ್ಕಿಸಿದ.

"ಬಿಗಿ ಆತ್ರಿ?"

"ಸಾಕು ತಮಾ. ಚೊಲೋ ಆತು."

ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅವರು ನನ್ನ ಮುಂದೆಯೇ ಹಾದುಹೋದರು, ನಿಲ್ಲಲಿಲ್ಲ, ಹುಡುಕಲಿಲ್ಲ. ನಾನು ಅವರ ಹಿಂದೆ ನಡೆದೆ.

ಕಾಯುವ ಜಾಗದಲ್ಲಿ ಅವರನ್ನು ಕೂರಿಸಿ ಎದುರಿಗೆ ಕೂತೆ. ಅವರ ಮುಖ ಎಷ್ಟೋ ತಿಂಗಳಿನಿಂದ ಹಾಗೆ ಶಾಂತವಾಗಿರಲಿಲ್ಲ. ಸೊಂಟದ ಟುವ್ವಾಲನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸರಿಪಡಿಸಿಕೊಳ್ಳುತ್ತಿದ್ದರು. ನೋಡುತ್ತ ನೋಡುತ್ತ ನನ್ನೊಳಗೆ ಒಂದು ಆಸೆ ಎದ್ದಿತು. ಇಷ್ಟೇನಾ ವಿಷಯ? ನಾನು ಇಷ್ಟು ದಿನ ಅಂಗಿಯ ತೋಳಿಗೆ ಅವರ ಕೈ ತುರುಕುತ್ತಿದ್ದೆ, ಎಳೆಯುತ್ತಿದ್ದೆ. ಕೈ ಅಗಲಿಸಿ ನಿಲ್ಲಿಸಿದರೆ, ಬಟ್ಟೆಯ ತುದಿ ಹಿಡಿದು ನಾನು ಅಲ್ಲಾಡದೆ ನಿಂತರೆ, ಅವರೇ ತಿರುಗುತ್ತಾರೆ. ಸ್ನಾನವಾಗುತ್ತದೆ, ಉಡುಪಾಗುತ್ತದೆ. ಪುಣೆ ಯಾಕೆ ಬೇಕು?

ವಿಮಾನ ಕಂಪನಿಯ ಹುಡುಗಿಯ ಹತ್ತಿರ ಹೋಗಿ ಕೇಳಿಯೂ ಕೇಳಿದೆ. "ಒಳಗೆ ಬಂದ ಮೇಲೆ ವಾಪಸ್ ಹೊರಗೆ ಹೋಗಬಹುದಾ?"

"ಹೋಗಬಹುದು ಮೇಡಂ, ಸೆಕ್ಯೂರಿಟಿಯವರಿಗೆ ಹೇಳಿ ನಾವೇ ಕರ್ಕೊಂಡು ಹೋಗಬೇಕಾಗುತ್ತೆ. ಏನಾದ್ರೂ ಎಮರ್ಜೆನ್ಸಿನಾ?"

"ಒಂದು ನಿಮಿಷ, ಹೇಳ್ತೀನಿ" ಅಂದೆ.

ವಾಪಸ್ ಬಂದು ಅವರೆದುರು ನಿಂತೆ. ಆ ಹುಡುಗ ಹೇಗೆ ನಿಂತಿದ್ದನೋ ಹಾಗೆ. "ಕೇಳ್ತಾ? ಪಟ್ಟಿ ಸಡ್ಲ ಆದಾಂಗೆ ಇದ್ದು. ಏಳಿ, ಕೈ ಅಗಲ್ಸಿ, ಬಿಗಿ ಮಾಡ್ತೆ" ಎಂದು ಟುವ್ವಾಲಿನ ತುದಿಗೆ ಕೈ ಚಾಚಿದೆ.

ಅವರು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಯಾರದೋ ಮನೆಯ ಹೆಣ್ಣುಮಗಳನ್ನು ಮುಜುಗರವಾಗದಂತೆ ಆಚೆ ಕಳಿಸುವ ಸಂಕೋಚವಿತ್ತು.

"ತಂಗೀ, ಇಲ್ಲಿ ಹೆಂಗಸ್ರು ಬಪ್ಪಲಾಗ. ಎದ್ರಿಗೆ ಹೋಗಿ ಕೂತ್ಗ. ಈಗ ಆಟ ಶುರು ಆಗ್ತು."

ನನ್ನ ಕೈ ಅಲ್ಲೇ ನಿಂತಿತು. ಮದುವೆಯಾದಾಗಿನಿಂದ ಅವರು ನನ್ನನ್ನು "ಕೇಳ್ತನೇ" ಎಂದೇ ಕರೆದದ್ದು. ಊರಿನ ಎಳೆಯ ಹೆಂಗಸರನ್ನೆಲ್ಲ ಕರೆಯುವ "ತಂಗೀ" ನನಗೆಂದೂ ಬಂದದ್ದಲ್ಲ. ಆದರೆ ನನ್ನನ್ನು ಮುರಿದದ್ದು ಆ ಕರೆಯಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ಚೌಕಿಯಲ್ಲಿ ನನಗೆ ಜಾಗವಿರಲಿಲ್ಲ. ಅವರ ಮೈಯ ಬಾಗಿಲು ಇನ್ನೂ ತೆರೆದುಕೊಳ್ಳುವುದು ಆ ಒಂದು ಜಾಗದಲ್ಲಿ ಮಾತ್ರ, ಅಲ್ಲಿಗೆ ಹೋಗಬಹುದಾದವರು ಗಂಡಸರು, ಯಾರಾದರೂ ಗಂಡಸರು, ಹೆಸರು ಗೊತ್ತಿಲ್ಲದ ಗಂಡಸರು. ನಾನು ಎದುರಿನ ಕುರ್ಚಿಗೆ ಹೋಗಿ ಕೂತೆ, ಅವರು ಹೇಳಿದಂತೆಯೇ. ಕಂಪನಿಯ ಹುಡುಗಿ ಕೌಂಟರಿನಿಂದ ನನ್ನ ಕಡೆ ನೋಡಿ ಹುಬ್ಬೇರಿಸಿದಳು. ಏನಿಲ್ಲ ಎಂದು ತಲೆಯಾಡಿಸಿದೆ.

ಪುಣೆಯಲ್ಲಿ ತಂಗಿ ಕಾರಿನೊಂದಿಗೆ ಬಂದಿದ್ದಳು. ಆಶ್ರಯಧಾಮದಲ್ಲಿ ಇಬ್ಬರು ಗಂಡಸು ಸಹಾಯಕರು ಬಾಗಿಲಿಗೆ ಬಂದರು. ಅವರಿಗೆ ಕನ್ನಡ ಬಾರದು, ನನಗೆ ಮರಾಠಿ ಅಷ್ಟಕ್ಕಷ್ಟೆ. ಮಾಡಿ ತೋರಿಸಿದೆ. ಹೀಗೆ ಕೈ ಅಗಲಿಸಿ ನಿಲ್ಲಿಸಿ. ಹೀಗೆ ಬಟ್ಟೆಯ ತುದಿ ಹಿಡಿಯಿರಿ. ಎಳೆಯಬೇಡಿ. ಅವರೇ ತಿರುಗುತ್ತಾರೆ. ವರಾಂಡದ ನಡುವೆ ಕೈ ಚಾಚಿ ತಿರುಗುತ್ತಿದ್ದ ನನ್ನನ್ನು ನೋಡಿ ದೊಡ್ಡವನು ನಕ್ಕ. ಸಣ್ಣವನು ನಗದೆ ಒಮ್ಮೆ ಅದನ್ನೇ ಮಾಡಿ ನೋಡಿ, "ಅಸಂ?" ಎಂದು, ಹೀಗೇನಾ ಎನ್ನುವಂತೆ, ಕೇಳಿದ. ಹೌದು ಅಂದೆ.

ಮೊದಲು ಸ್ನಾನ ಮಾಡಿಸಿ ನೋಡುತ್ತೇವೆ ಎಂದು ಒಳಗೆ ಕರೆದುಕೊಂಡು ಹೋದರು. ಏನಾದರೂ ಗಲಾಟೆ ಮಾಡಿದರೆ ಕರೆಯುತ್ತೇವೆ, ಇಲ್ಲೇ ಇರಿ ಎಂದು ನಡೆಸುವ ಹೆಂಗಸು ಬೆಂಚು ತೋರಿಸಿದರು.

ಬೆಂಚಿನ ಮೇಲೆ ಕೂತೆ. ಎಲ್ಲ ಸರಾಗವಾಗಲಿ ಎಂದು ನಾನು ಅವತ್ತು ದೇವರನ್ನು ಬೇಡಿಕೊಂಡೆ ಎಂದು ಬರೆಯಬಹುದು. ಓದುವವರೂ ನಂಬುತ್ತಾರೆ. ನಾನು ಕಿವಿಗೊಟ್ಟು ಕಾದದ್ದು ಅವರ ಕೂಗಿಗೆ. ತಂಬಿಗೆ ಬೀಳುವ ಸದ್ದಿಗೆ, ಓಡಿಬರುವ ಹೆಜ್ಜೆಗೆ, "ಬಾಯೀ, ಲವಕರ ಯಾ", ಬೇಗ ಬನ್ನಿ, ಎನ್ನುವ ಕರೆಗೆ. ಒಂದು ಹೊಡೆತ ಸಾಕಿತ್ತು. ಎದ್ದು ಒಳಗೆ ಹೋಗಿ, ನಡೆಯಿರಿ ಮನೆಗೆ ಅನ್ನುತ್ತಿದ್ದೆ.

ಒಳಗೆ ನೀರು ಬಿಟ್ಟ ಸದ್ದಾಯಿತು, ನಿಂತಿತು. ಊಟದ ತಟ್ಟೆಗಳು ಆಚೀಚೆ ಹೋದವು. ಬಿಸಿಲು ಬೆಂಚಿನಿಂದ ಗೋಡೆಗೆ ಹೋಯಿತು. ತಂಗಿ ಎರಡು ಸಲ ಚಹಾ ತಂದಳು. ಕೊನೆಗೆ ಸಣ್ಣ ಸಹಾಯಕ ಬಂದ. ಅವನ ಅಂಗಿ ತೋಳಿನ ತನಕ ಒದ್ದೆಯಾಗಿತ್ತು, ಮುಖದಲ್ಲಿ ಹೊಸ ಕೆಲಸ ಕಲಿತವನ ಖುಷಿಯಿತ್ತು. ತಂಗಿ ಅವನ ಮಾತನ್ನು ಕೇಳಿ ನನಗೆ ಹೇಳಿದಳು.

"ಎಂತ ತ್ರಾಸೂ ಕೊಟ್ಟಿದ್ವಿಲ್ಲೆಡ. ಮೀಸಿ, ಉಡ್ಸಿ, ಊಟ ಮಾಡ್ಸಿದ್ವಡ. ಈಗ ಮನಿಕ್ಕಂಡಿದ್ವಡ."

"ಎನ್ನ ಕೇಳಿದ್ವಡ?"

ತಂಗಿ ಅವನನ್ನು ಕೇಳಿದಳು. ಅವನು ನನ್ನ ಮುಖ ನೋಡಿದ. ಹೌದು ಅನ್ನಬೇಕೋ ಇಲ್ಲ ಅನ್ನಬೇಕೋ ಎಂದು ಅವನು ತಡವರಿಸಿದ್ದು ನನಗೆ ಕಂಡಿತು. ಆಮೇಲೆ ಇಲ್ಲವೆಂದು ತಲೆಯಾಡಿಸಿದ.

"ಅಕ್ಕಾ, ಹೋಪನ?" ಅಂದಳು ತಂಗಿ.

"ಸ್ವಲ್ಪ ತಡಿ" ಅಂದೆ. "ಎದ್ದ ಮೇಲೆ ಕರೆದ್ರೂ ಕರೆದ್ರು."

ಅವಳು ಪಕ್ಕದಲ್ಲಿ ಕೂತಳು.